ಕೋಟೆಯ ದಿಡ್ಡಿ ಬಾಗಿಲು ಕಾಯುವ ಮಹನೀಯರಿಗೆ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಸರ್ವ ಸದಸ್ಯರು,
ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ,
ಲೊಸಾನ್, ಸ್ವಿಟ್ಜರ್ಲೆಂಡ್.

ವಿಷಯ: ಫರೋ ದ್ವೀಪಗಳು ತಮ್ಮದೇ ಹೆಸರಿನಲ್ಲಿ ಒಲಿಂಪಿಕ್ಸ್‌ಗೆ ಬರುತ್ತೇವೆಂದು ಕೇಳುತ್ತಿರುವುದನ್ನು ಮುಂದೆಯೂ ಹೀಗೆಯೇ ತಳ್ಳಿಹಾಕುತ್ತಿರಬೇಕೆಂದು ಕೋರಿ.

ಉಲ್ಲೇಖ: ತಮ್ಮ ಒಲಿಂಪಿಕ್ ಸನ್ನದಿನ 30ನೇ ನಿಯಮ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಫರೋ ದ್ವೀಪಗಳವನಲ್ಲ. ಆ ಕಡೆ ನನಗೆ ನೆಂಟರೂ ಇಲ್ಲ, ಇಷ್ಟರೂ ಇಲ್ಲ. ಕರ್ನಾಟಕದವನು, ಪೇಪರನ್ನು ಕೊನೆಯ ಪುಟದಿಂದ ಓದಲು ಶುರುಮಾಡುವ ಜಾತಿಯವನು. 2011ರ ಜನಗಣತಿಯ ಲೆಕ್ಕದಲ್ಲೇ ನಮ್ಮ ರಾಜ್ಯದಲ್ಲಿ 6.11 ಕೋಟಿ ಜನರಿದ್ದರು. ಹಾಗೆಂದು ಫರೋದ ಹೆಸರು ಹೇಳಿಕೊಂಡು ನಮಗೂ ಒಂದು ಪ್ರತ್ಯೇಕ ತಂಡ ಗಿಟ್ಟಿಸಲು ಹೊರಟಿದ್ದೇನೆಂದು ದಯವಿಟ್ಟು ಶಂಕಿಸಬೇಡಿ. ಭಾರತ ಗೆದ್ದರೆ ಪಟಾಕಿ ಹೊಡೆಯುತ್ತೇವೆ, ಕರ್ನಾಟಕ ರಣಜಿ ಸೋತರೆ ಆಯ್ಕೆಗಾರರನ್ನು ಬಯ್ಯುತ್ತೇವೆ. ಎರಡಕ್ಕೂ ನಮಗೆ ಪುರುಸೊತ್ತಿದೆ. ಇದಕ್ಕಿಂತ ಹೆಚ್ಚಿನ ಆಸೆಯಿಲ್ಲ.

ಈ ಪತ್ರ ಬರೆಯುತ್ತಿರುವುದು ಬರೀ ಅಭಿಮಾನದಿಂದ. ನಿಯಮವೆಂದರೆ ನಿಯಮ ಎಂದು ಗಟ್ಟಿಯಾಗಿ ನಿಲ್ಲುವವರು ಈಗ ಎಲ್ಲಿದ್ದಾರೆ? ಫರೋ ಎಂದರೆ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, ಸ್ಕಾಟ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್‌ಗಳ ನಡುವೆ, 18 ಕಲ್ಲುಗುಡ್ಡಗಳ ಮೇಲೆ ಬದುಕುವ 55 ಸಾವಿರದಷ್ಟು ಜನ. ನಮ್ಮಲ್ಲಾದರೆ ಒಂದು ಪುರಸಭೆಗೆ ಸಾಕಾಗುವಷ್ಟು. 1948ರಿಂದ ಅವರದು ಸ್ವಯಮಾಡಳಿತ. ಅವರದೇ ಶಾಸನಸಭೆ, ಅವರದೇ ಭಾಷೆ, ಅವರದೇ ಬಾವುಟ. ಡೆನ್ಮಾರ್ಕ್ ಐರೋಪ್ಯ ಒಕ್ಕೂಟದೊಳಗೆ ಕೂತರೆ ಇವರು ತಮ್ಮ ಮೀನು ತಮಗಿರಲಿ ಎಂದು ಹೊರಗೇ ಉಳಿದರು. ಆದರೆ ಇವತ್ತಿಗೂ ಡೆನ್ಮಾರ್ಕ್ ರಾಜ್ಯದ ಭಾಗ. ಆದ್ದರಿಂದ ನಿಮ್ಮ ಸನ್ನದಿನ 30ನೇ ನಿಯಮದ ಪ್ರಕಾರ ಅವರು ಒಂದು ದೇಶವಲ್ಲ. ಅಂತಾರಾಷ್ಟ್ರೀಯ ಸಮುದಾಯ ಮಾನ್ಯ ಮಾಡಿದ ಸ್ವತಂತ್ರ ರಾಷ್ಟ್ರಕ್ಕೆ ಮಾತ್ರ ಒಲಿಂಪಿಕ್ ಸಮಿತಿ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಸರಿಯಾಗಿಯೇ ಇದೆ. ಕಟ್ಟುನಿಟ್ಟಾಗಿ ಪಾಲಿಸಿ.

ನಿಯಮದ ಮೇಲಿನ ಈ ಪ್ರೀತಿಯಿಂದಲೇ ನಿಮ್ಮ ಸದಸ್ಯರ ಪಟ್ಟಿಯನ್ನು ಎಣಿಸಲು ಕೂತೆ. 206 ರಾಷ್ಟ್ರೀಯ ಸಮಿತಿಗಳು. ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 193. ಉಳಿದ 13 ಎಲ್ಲಿಂದ ಬಂದವು ಎಂದು ನೋಡಿದರೆ ಪ್ಯಾಲೆಸ್ತೀನ್, ಕೊಸೊವೊ, ಕುಕ್ ದ್ವೀಪಗಳು, ಚೈನೀಸ್ ತೈಪೆ ಎಂಬ ಯಾವ ಭೂಪಟದಲ್ಲೂ ಸಿಗದ ಹೆಸರಿನಲ್ಲಿ ಆಡುವ ತೈವಾನ್. ಇವನ್ನಾದರೂ ವಿವಾದದ ಕಡತಗಳೆಂದು ಪಕ್ಕಕ್ಕಿಡಬಹುದು. ಮಿಕ್ಕ ಒಂಬತ್ತರ ಬಗ್ಗೆ ವಿವಾದವೇ ಇಲ್ಲ. ಪೋರ್ಟೊ ರಿಕೊ, ಗುವಾಮ್, ಅಮೆರಿಕನ್ ಸಮೋವಾ, ಅಮೆರಿಕದ ವರ್ಜಿನ್ ದ್ವೀಪಗಳು, ಬ್ರಿಟನ್ನಿನ ವರ್ಜಿನ್ ದ್ವೀಪಗಳು, ಕೇಮನ್ ದ್ವೀಪಗಳು, ಬರ್ಮುಡಾ, ಅರೂಬಾ, ಹಾಂಗ್‌ಕಾಂಗ್. ಇವು ಸ್ವತಂತ್ರ ರಾಷ್ಟ್ರಗಳಲ್ಲ, ತಾವು ಸ್ವತಂತ್ರ ರಾಷ್ಟ್ರ ಎಂದು ಹೇಳಿಕೊಂಡವೂ ಅಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಧ್ವಜದಡಿ ಬದುಕುವವರಿಗೆ ನಿಮ್ಮಲ್ಲಿ ಐದು ಸಮಿತಿ. ಬ್ರಿಟನ್ನಿನ ರಾಜನ ಹೆಸರಿನಲ್ಲಿ ಆಳಿಸಿಕೊಳ್ಳುವ ತುಂಡುನೆಲಗಳಿಗೆ ಲಂಡನ್ನಿನದು ಬಿಟ್ಟು ಇನ್ನೂ ಮೂರು. ಡೆನ್ಮಾರ್ಕಿಗೆ ಒಂದು. ಒಂದೇ ಒಂದು.

ಇದರಲ್ಲಿ ಪಕ್ಷಪಾತವೇನೂ ಇಲ್ಲ, ನಾನು ವಿಚಾರಿಸಿದ್ದೇನೆ. ಆ ಒಂಬತ್ತೂ ಬೇಗ ಬಂದವು. ಗುವಾಮ್ ಮತ್ತು ಅರೂಬಾ 1986ರಲ್ಲಿ, ಅಮೆರಿಕನ್ ಸಮೋವಾ 1987ರಲ್ಲಿ ಒಳಗೆ ಬಂದಾಗ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಸ್ವತಂತ್ರ ರಾಷ್ಟ್ರವೇ ಆಗಿರಬೇಕೆಂಬ ಷರತ್ತು ಸನ್ನದಿಗೆ ಸೇರಿದ್ದು 1996ರಲ್ಲಿ. ಬಂದವರು ಬಂದಾಯಿತು, ಇನ್ನು ಮುಂದೆ ಬರುವವರಿಗೆ ಕಾಯ್ದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಮ್ಮ ಕಡೆ ಒಂದು ಗಾದೆಯಿದೆ. ಅದನ್ನು ತಡವಾಗಿ ಎಚ್ಚೆತ್ತವರನ್ನು ಹಂಗಿಸಲು ಮಾಡಿದ್ದಾರೆ ಎಂದುಕೊಂಡಿದ್ದೆ. ಅದೊಂದು ಆಡಳಿತ ಕ್ರಮವೂ ಆಗಬಹುದು ಎಂದು ನಿಮ್ಮನ್ನು ನೋಡಿ ಕಲಿತೆ.

ಟೋಕಿಯೋ ಕೂಟವನ್ನು ನೆನಪಿಸಿಕೊಳ್ಳಿ. ಬರ್ಮುಡಾದ ಫ್ಲೋರಾ ಡಫಿ ಮಹಿಳೆಯರ ಟ್ರಯಥ್ಲಾನ್‌ನಲ್ಲಿ ಚಿನ್ನ ಗೆದ್ದರು. ಬೇಸಿಗೆ ಒಲಿಂಪಿಕ್ಸ್‌ನಲ್ಲಿ ಚಿನ್ನ ಕಂಡ ಅತ್ಯಂತ ಪುಟ್ಟ ನಾಡು ಎಂದು ಲೋಕವೆಲ್ಲ ಕೊಂಡಾಡಿತು. ಬರ್ಮುಡಾದ ಜನಸಂಖ್ಯೆ ಫರೋಗಿಂತ ಕೆಲವೇ ಸಾವಿರ ಹೆಚ್ಚು. ಅದು ಬ್ರಿಟನ್ನಿನ ಅಧೀನದ ದ್ವೀಪ, 1936ರ ಬರ್ಲಿನ್‌ನಿಂದಲೂ ನಿಮ್ಮ ಕೂಟಕ್ಕೆ ಬರುತ್ತಿದೆ. ಅದೇ ಟೋಕಿಯೋದಲ್ಲಿ, ಪುರುಷರ ಒಂಟಿ ದೋಣಿ ಸ್ಪರ್ಧೆಯ ಫೈನಲ್‌ನಲ್ಲಿ ಸ್ವೆರ್ರಿ ಸ್ಯಾಂಡ್‌ಬರ್ಗ್ ನೀಲ್ಸನ್ ಎಂಬ ಹುಟ್ಟುಗಾರ ನಾಲ್ಕನೆಯವನಾದ. ಫರೋದವನು. ಫಲಕದಲ್ಲಿ ಅವನ ಹೆಸರಿನ ಮುಂದೆ ಡೆನ್ಮಾರ್ಕ್ ಎಂದಿತ್ತು. ದೋಣಿ ಹುಟ್ಟು ಹಾಕುವುದು ಆ ದ್ವೀಪಗಳ ರಾಷ್ಟ್ರೀಯ ಆಟ. ಜುಲೈ ಕೊನೆಯಲ್ಲಿ ಓಲಾವ್ಸ್‌ಓಕಾ ಎಂಬ ಅವರ ನಾಡಹಬ್ಬಕ್ಕೆ ಊರೂರ ದೋಣಿಗಳು ರಾಜಧಾನಿ ಟೋರ್ಸ್‌ಹಾವ್ನ್‌ನ ಬಂದರಿನಲ್ಲಿ ಪಂದ್ಯಕ್ಕಿಳಿಯುತ್ತವೆ. ಪದಕ ಬರಲಿಲ್ಲವಾದ್ದರಿಂದ ಯಾವ ಬಾವುಟ ಏರಿಸಬೇಕಿತ್ತು ಎಂಬ ಪ್ರಶ್ನೆ ಏಳಲಿಲ್ಲ. ದೇವರು ನಿಯಮದ ಪರವಾಗಿದ್ದಾನೆ.

ಕಾಲ್ಚೆಂಡಿನವರು ಇಷ್ಟು ಹುಷಾರಾಗಿರಲಿಲ್ಲ. 1988ರಲ್ಲಿ ಫಿಫಾ, 1990ರಲ್ಲಿ ಯುರೋಪಿನ ಯುಇಎಫ್ಎ ಫರೋವನ್ನು ಒಳಗೆ ಬಿಟ್ಟುಕೊಂಡವು. ಅದರ ಫಲವೇನಾಯಿತು ಎಂಬುದನ್ನು ನಿಮಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಾಗಿಲು ತೆರೆದರೆ ಎಂಥ ಅನಾಹುತ ಕಾದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

1990ರ ಸೆಪ್ಟೆಂಬರ್ 12. ಯುರೋ ಕಪ್ ಅರ್ಹತಾ ಸುತ್ತು. ಫರೋದ ಮೊತ್ತಮೊದಲ ಅಧಿಕೃತ ಸ್ಪರ್ಧಾ ಪಂದ್ಯ, ಎದುರಾಳಿ ಆಸ್ಟ್ರಿಯಾ. ಅದೇ ಬೇಸಿಗೆಯಲ್ಲಿ ಇಟಲಿಯ ವಿಶ್ವಕಪ್ ಆಡಿ ಬಂದ ಆಸ್ಟ್ರಿಯಾ. ಪಂದ್ಯ ಫರೋದ ತವರಿನದು, ಆದರೆ ತವರಿನಲ್ಲಿ ಹುಲ್ಲಿನ ಮೈದಾನವೇ ಇರಲಿಲ್ಲ. ಹಾಗಾಗಿ ಸ್ವೀಡನ್ನಿನ ಲಾಂಡ್ಸ್‌ಕ್ರೋನಾ ಎಂಬ ಪಟ್ಟಣದ ಅಂಗಳವನ್ನು ಎರವಲು ಪಡೆದು ಆಡಿದರು. ಗೋಲ್‌ಕೀಪರ್ ಯೆನ್ಸ್ ಮಾರ್ಟಿನ್ ಕ್ನುಡ್ಸೆನ್ ತಲೆಗೆ ಉಣ್ಣೆಯ ಬಿಳಿ ಟೋಪಿ ಹಾಕಿಕೊಂಡಿದ್ದ, ತುದಿಯಲ್ಲಿ ಗೊಂಡೆ ಇರುವಂಥದ್ದು. ಊರಿನಲ್ಲಿ ಅವನಿಗೆ ಮೀನಿನ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ. ದ್ವಿತೀಯಾರ್ಧದಲ್ಲಿ ಟೋರ್ಕಿಲ್ ನೀಲ್ಸನ್ ಎಂಬಾತ ಆಸ್ಟ್ರಿಯಾದ ಆಟಗಾರರ ನಡುವೆ ನುಗ್ಗಿ ಗೋಲು ಹೊಡೆದ. ಆಮೇಲೆ ಆಸ್ಟ್ರಿಯಾ ಎಷ್ಟು ಒದ್ದರೂ ಗೊಂಡೆ ಟೋಪಿ ಜಗ್ಗಲಿಲ್ಲ. 1–0. ಆಸ್ಟ್ರಿಯಾದ ಕೋಚ್ ರಾಜೀನಾಮೆ ಕೊಟ್ಟರು. ಯುರೋಪಿನ ಪತ್ರಿಕೆಗಳು ಒಂದು ವಾರ ನಕ್ಕವು.

ಆ ಗುಂಪಿನಲ್ಲಿ ಐದು ತಂಡ: ಯುಗೊಸ್ಲಾವಿಯಾ, ಡೆನ್ಮಾರ್ಕ್, ಉತ್ತರ ಐರ್ಲೆಂಡ್, ಆಸ್ಟ್ರಿಯಾ, ಫರೋ. ಅಂದರೆ ಒಂದೇ ರಾಜ್ಯದ ಎರಡು ತಂಡಗಳು, ಡೆನ್ಮಾರ್ಕ್ ಮತ್ತು ಫರೋ, ಪರಸ್ಪರ ಆಡಿದವು. ಡೆನ್ಮಾರ್ಕ್ ಗೆದ್ದಿತು. ಎರಡೂ ಕಡೆಯವರು ಕೈಕುಲುಕಿ ಮನೆಗೆ ಹೋದರು. ರಾಜ್ಯ ಒಡೆಯಲಿಲ್ಲ, ಇವತ್ತಿಗೂ ಒಡೆದಿಲ್ಲ. ಒಡೆದದ್ದು ಗುಂಪಿನ ಅಗ್ರಸ್ಥಾನಿ ಯುಗೊಸ್ಲಾವಿಯಾ. ನಿಮ್ಮ 30ನೇ ನಿಯಮದ ಅಳತೆಗೋಲಿನಲ್ಲಿ ಅದು ನೂರಕ್ಕೆ ನೂರು ದೇಶವಾಗಿತ್ತು: ಸ್ವತಂತ್ರ, ಸಾರ್ವಭೌಮ, ಎಲ್ಲರೂ ಮಾನ್ಯ ಮಾಡಿದ್ದು. 1992ರಲ್ಲಿ ಯುದ್ಧದ ಕಾರಣಕ್ಕೆ ಅದನ್ನು ಹೊರಗಿಟ್ಟು, ಎರಡನೇ ಸ್ಥಾನದಲ್ಲಿದ್ದ ಡೆನ್ಮಾರ್ಕನ್ನು ಕರೆದರು. ಕರೆದಾಗ ಬಂದ ಡೆನ್ಮಾರ್ಕ್ ಫೈನಲ್‌ನಲ್ಲಿ ಜರ್ಮನಿಯನ್ನು 2–0ರಿಂದ ಸೋಲಿಸಿ ಕಪ್ ಒಯ್ದಿತು. ಪ್ರತ್ಯೇಕ ತಂಡ ಕೊಟ್ಟರೆ ದೇಶ ಒಡೆಯುತ್ತದೆ ಎಂದು ಭಯಪಡುವ ನಿಮ್ಮ ಸದಸ್ಯರಿಗೆ ಆ ಗುಂಪಿನ ಅಂಕಪಟ್ಟಿಯನ್ನು ಮಾತ್ರ ಯಾವ ಕಾರಣಕ್ಕೂ ತೋರಿಸಬೇಡಿ.

ಅಲ್ಲಿಂದ ಮುಂದೆ ಫರೋದವರ ಉಪಟಳ ಹೆಚ್ಚುತ್ತಲೇ ಹೋಗಿದೆ. 2014ರ ನವೆಂಬರಿನಲ್ಲಿ ಗ್ರೀಸಿಗೇ ಹೋಗಿ ಗ್ರೀಸನ್ನು ಸೋಲಿಸಿದರು. ಗ್ರೀಸಿನ ಕೋಚ್ ಕ್ಲಾಡಿಯೋ ರನಿಯೇರಿ ಕೆಲಸ ಕಳೆದುಕೊಂಡರು. ಮುಂದೆ ಅವರೇ ಲೆಸ್ಟರ್ ಸಿಟಿಯನ್ನು ಇಂಗ್ಲೆಂಡಿನ ಚಾಂಪಿಯನ್ ಮಾಡಿದ್ದು, ಹಾಗಾಗಿ ಆ ಊರಿನವರು ಈ ದ್ವೀಪಗಳಿಗೆ ಋಣಿಗಳು. 2022ರಲ್ಲಿ ಟರ್ಕಿ ಸೋತಿತು.

ಅಧ್ಯಕ್ಷೆ ಕರ್ಸ್ಟಿ ಕೊವೆಂಟ್ರಿ ಅವರೇ, ಈಗ ತಮ್ಮೊಬ್ಬರಿಗೇ ಎರಡು ಮಾತು. ತಾವು ಈಜುಗಾರ್ತಿ, ಎರಡು ಒಲಿಂಪಿಕ್ಸ್‌ಗಳಲ್ಲಿ ಏಳು ಪದಕ ಗೆದ್ದವರು. ಆದ್ದರಿಂದ ಈ ಸಂಗತಿ ಸಮಿತಿಯ ಉಳಿದವರಿಗಿಂತ ತಮಗೆ ಚೆನ್ನಾಗಿ ಅರ್ಥವಾದೀತು. ಫರೋದ ದಕ್ಷಿಣ ತುದಿಯ ದ್ವೀಪ ಸುದುರೊಯ್. ಅಲ್ಲಿ ವಾಗುರ್ ಎಂಬ ಹಳ್ಳಿ, ಸಾವಿರದ ಚಿಲ್ಲರೆ ಜನ. ಅಲ್ಲಿದ್ದದ್ದು 25 ಮೀಟರಿನ ಈಜುಕೊಳ. ಪಾಲ್ ಯೋಯೆನ್ಸೆನ್ ಎಂಬ ಹುಡುಗ 1500 ಮೀಟರ್ ಫ್ರೀಸ್ಟೈಲ್ ಅಭ್ಯಾಸ ಮಾಡಿದ್ದು ಅದರಲ್ಲೇ. ಒಲಿಂಪಿಕ್ ಕೊಳದಲ್ಲಿ ಆ ದೂರಕ್ಕೆ 29 ಸಲ ಗೋಡೆ ಒದ್ದು ತಿರುಗಿದರೆ ಸಾಕು, ಈ ಹುಡುಗ ಊರಿನಲ್ಲಿ 59 ಸಲ ತಿರುಗುತ್ತಿದ್ದ. ಗೋಡೆ ಸಿಕ್ಕಷ್ಟೂ ಪುಕ್ಕಟೆ ವೇಗ, ಗೋಡೆ ಸಿಗದ ಉದ್ದನೆಯ ಕೊಳಕ್ಕೆ ಹೋದಾಗ ತೋಳಿಗೆ ಅದರ ಬೆಲೆ ಗೊತ್ತಾಗುತ್ತದೆ. ತಮಗೆ ಹೇಳಬೇಕಾಗಿಲ್ಲ. 2010ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಇದೇ ಯೋಯೆನ್ಸೆನ್ ಬೆಳ್ಳಿ ಗೆದ್ದ, ಫರೋದ ಬಾವುಟದಡಿಯಲ್ಲಿ. ಈಜಿನ ಒಕ್ಕೂಟಕ್ಕೆ ಅವನ ನಾಡು ನಾಡಾಗಿ ಕಾಣುತ್ತಿತ್ತು. ಎರಡು ವರ್ಷಕ್ಕೆ ಲಂಡನ್ ಒಲಿಂಪಿಕ್ಸ್ ಬಂತು. ನೀರು ಅದೇ, ಹುಡುಗ ಅದೇ, ಟೋಪಿ ಮಾತ್ರ ಡೆನ್ಮಾರ್ಕಿನದು. ಊರಿನವರು ಆಮೇಲೆ 50 ಮೀಟರಿನ ಕೊಳ ಕಟ್ಟಿ ಅವನ ಹೆಸರಿಟ್ಟರು. ಹಳ್ಳಿಯ ಜನ ಕೊಳ ಕಟ್ಟಬಲ್ಲರು, ನಿಮ್ಮ ಪಟ್ಟಿಯಲ್ಲಿ ಒಂದು ಸಾಲು ಸೇರಿಸಲು ಅವರಿಂದಾಗದು.

ಇನ್ನೊಂದು ವಿಚಿತ್ರ ಕೇಳಿ. ನಿಮ್ಮ ಕೂಟ ಮುಗಿದ ಎರಡು ವಾರಕ್ಕೆ ಅದೇ ಊರಿನಲ್ಲಿ, ಅದೇ ಕೊಳದಲ್ಲಿ ಪ್ಯಾರಾಲಿಂಪಿಕ್ಸ್ ನಡೆಯುತ್ತದಲ್ಲ, ಅಲ್ಲಿ ಫರೋ ಒಂದು ದೇಶ! 1984ರಿಂದ ತನ್ನದೇ ಹೆಸರಿನಲ್ಲಿ ಸ್ಪರ್ಧಿಸುತ್ತಿದೆ. ಗೆದ್ದ ಪದಕ ಹದಿಮೂರು, ಎಲ್ಲವೂ ಈಜಿನಲ್ಲೇ, ಅದರಲ್ಲೊಂದು 1988ರ ಸಿಯೋಲ್‌ನ ಚಿನ್ನ. ಅಂದರೆ ಅಂಗವಿಕಲನಾದ ಫರೋದವನಿಗೆ ತಾಯ್ನಾಡು ಉಂಟು, ಕೈಕಾಲು ನೆಟ್ಟಗಿರುವವನಿಗೆ ಇಲ್ಲ. ಇದನ್ನು ಬರೆಯುವಾಗ ವ್ಯಂಗ್ಯ ಮಾಡಬೇಕೆಂದು ನಾನು ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಚದುರಂಗದವರಿಗೂ ಅದು ದೇಶವೇ. 2022ರಲ್ಲಿ ನಮ್ಮ ಪಕ್ಕದ ಮಾಮಲ್ಲಪುರಂನಲ್ಲಿ ಚೆಸ್ ಒಲಿಂಪಿಯಾಡ್ ನಡೆದಾಗ ಫರೋದವರು ಬಂದು, ತಮ್ಮ ಪುಟ್ಟ ಬಾವುಟದ ಪಕ್ಕದಲ್ಲಿ ಕೂತು, ಆಗಸ್ಟ್ ತಿಂಗಳ ತಮಿಳುನಾಡಿನ ಸೆಖೆಯಲ್ಲಿ ಕುದುರೆ, ಒಂಟೆ ನಡೆಸಿದರು. ಆ ಹಿಂಸೆಗಾದರೂ ಅವರಿಗೆ ಮಾನ್ಯತೆ ಸಿಗಬೇಕಿತ್ತು.

ಹ್ಯಾಂಡ್‌ಬಾಲ್ ಕತೆ ಇನ್ನೂ ಫಜೀತಿಯದು. 2024ರ ಜನವರಿಯಲ್ಲಿ ಫರೋದ ಪುರುಷರ ತಂಡ ಮೊದಲ ಬಾರಿಗೆ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಬಂತು, ಬರ್ಲಿನ್‌ಗೆ. ನಾಡಿನ ಹತ್ತರಲ್ಲೊಂದು ಪಾಲಿನಷ್ಟು ಜನ ಹಿಂದೆಯೇ ಬಂದಿದ್ದರೆಂದು ಸುದ್ದಿ. ಅಂಗಡಿ, ಆಸ್ಪತ್ರೆ, ಮೀನುದೋಣಿಗಳನ್ನು ಊರಿನಲ್ಲಿ ಯಾರು ನೋಡಿಕೊಂಡರೋ. ಬಲಿಷ್ಠ ನಾರ್ವೆಯ ಜೊತೆ 26–26ರ ಸಮ ಮಾಡಿಕೊಂಡರು. ಯುರೋಪಿಯನ್ ಚಾಂಪಿಯನ್ ಆದ ತಂಡಕ್ಕೆ ಒಲಿಂಪಿಕ್ಸ್‌ನಲ್ಲಿ ನೇರ ಸ್ಥಾನವುಂಟು. ನಾಳೆ ಇವರು ಏನೋ ಒಂದು ಪವಾಡ ಮಾಡಿ ಯುರೋಪನ್ನೇ ಗೆದ್ದರೆಂದು ಇಟ್ಟುಕೊಳ್ಳಿ. ಆಗ ಯುರೋಪಿನ ಅತ್ಯುತ್ತಮ ತಂಡ ಟಿವಿ ಮುಂದೆ ಕೂತು ನಿಮ್ಮ ಕೂಟವನ್ನು ನೋಡಬೇಕಾಗುತ್ತದೆ. ದಯವಿಟ್ಟು ನಾರ್ವೆ, ಡೆನ್ಮಾರ್ಕ್, ಫ್ರಾನ್ಸ್ ತಂಡಗಳಿಗೆ ಹೇಳಿ, ಸ್ವಲ್ಪ ಜೋರಾಗಿ ಆಡಲಿ. ಒಲಿಂಪಿಕ್ ಸನ್ನದಿನ ಮಾನ ಅವರ ಕೈಯಲ್ಲಿದೆ.

ನಿಮ್ಮ ಭಯ ನನಗೆ ಅರ್ಥವಾಗದೆ ಇಲ್ಲ. ಇವತ್ತು ಫರೋಗೆ ಹೂಂ ಎಂದರೆ ನಾಳೆ ಸಾಲು ಬೆಳೆಯುತ್ತದೆ. ಗ್ರೀನ್‌ಲ್ಯಾಂಡ್ ಬರುತ್ತದೆ. ಪಾಪ, ಅವರು ಕಾಲ್ಚೆಂಡಿಗೆಂದು 2024ರಲ್ಲಿ ಉತ್ತರ ಅಮೆರಿಕದ ಒಕ್ಕೂಟದ ಬಾಗಿಲು ತಟ್ಟಿ, 2025ರಲ್ಲಿ ಆಗುವುದಿಲ್ಲ ಎನ್ನಿಸಿಕೊಂಡು ಬಂದರು. ಕ್ಯಾಟಲೋನಿಯಾ ಬರುತ್ತದೆ. ಒಂದು ರಾಷ್ಟ್ರ, ಒಂದು ತಂಡ ಎಂದು ಅವರು ಕೂಗುತ್ತಿರುವುದು ಇಂದು ನಿನ್ನೆಯಲ್ಲ. ಅವರಿಗೆ 2004ರಲ್ಲಿ ಆದದ್ದನ್ನು ನೀವು ಮಾದರಿಯಾಗಿ ಇಟ್ಟುಕೊಳ್ಳಬಹುದು. ರೋಲರ್ ಹಾಕಿಯ ವಿಶ್ವ ಒಕ್ಕೂಟ ಮಾರ್ಚ್‌ನಲ್ಲಿ ಅವರಿಗೆ ತಾತ್ಕಾಲಿಕ ಸದಸ್ಯತ್ವ ಕೊಟ್ಟಿತು. ಅಕ್ಟೋಬರ್‌ನಲ್ಲಿ ಅವರು ಮಕಾವ್‌ಗೆ ಹೋಗಿ ಎರಡನೇ ಶ್ರೇಣಿಯ ವಿಶ್ವ ಚಾಂಪಿಯನ್‌ಷಿಪ್ ಗೆದ್ದೇಬಿಟ್ಟರು. ನವೆಂಬರ್‌ನಲ್ಲಿ ಅಮೆರಿಕದ ಫ್ರೆಸ್ನೋದಲ್ಲಿ ಮಹಾಸಭೆ ಸೇರಿ 114–8 ಮತಗಳಿಂದ ಅವರ ಸದಸ್ಯತ್ವವನ್ನು ತಿರಸ್ಕರಿಸಿತು. ಕಪ್ ಮನೆಯಲ್ಲಿದೆ, ತಂಡ ಇಲ್ಲ. ಸೋತಿದ್ದರೆ ಬಹುಶಃ ಇನ್ನೊಂದು ವರ್ಷ ಆಡಲು ಬಿಡುತ್ತಿದ್ದರು.

ಕ್ಯಾಟಲೋನಿಯಾದ ವಿಚಾರ ಬೇರೆ, ಅಲ್ಲಿ ಮ್ಯಾಡ್ರಿಡ್ ಜೊತೆಗಿನ ಹಗ್ಗಜಗ್ಗಾಟವಿದೆ, ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾರೆ. ಆದರೆ ಜಿಬ್ರಾಲ್ಟರ್? ಯುಇಎಫ್ಎ ಅವರನ್ನು ತಡೆಯಲೆಂದು 2001ರಲ್ಲಿ ನಿಯಮವನ್ನೇ ಬದಲಿಸಿತು, ಅವರು ಕ್ರೀಡಾ ನ್ಯಾಯಮಂಡಳಿಗೆ ಹೋದರು, 2007ರ ಮತದಾನದಲ್ಲಿ ಅವರ ಪರ ಬಿದ್ದದ್ದು ಮೂರೇ ಮತ. ಕೈ ಎತ್ತಿದವರು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್. ಆ ಮೂರರಲ್ಲಿ ಒಂದೂ ನಿಮ್ಮ ಪಟ್ಟಿಯಲ್ಲಿ ದೇಶವಲ್ಲ ಎಂಬುದನ್ನು ಗಮನಿಸಿ ನಗಬೇಡಿ. 2013ರಲ್ಲಿ ಜಿಬ್ರಾಲ್ಟರ್ ಒಳಗೆ ಬಂತು. ಸ್ಪೇನ್ ಇರುವ ಗುಂಪಿನಲ್ಲಿ ಮಾತ್ರ ಹಾಕುವುದಿಲ್ಲ. ಒಂದು ಚೀಟಿ ಎತ್ತುವಾಗಿನ ಎಚ್ಚರಿಕೆಯಲ್ಲಿ ಮುಗಿದುಹೋದ ವಿಷಯಕ್ಕೆ ಹದಿನೈದು ವರ್ಷ ಜಗಳವಾಡಿದರು.

ಅಂತಾರಾಷ್ಟ್ರೀಯ ಸಮುದಾಯದ ಮನ್ನಣೆ ಎಂಬ ಮಾತೂ ಇದೆಯಲ್ಲ ನಿಯಮದಲ್ಲಿ. ಕೊಸೊವೊಗೆ ನೀವು 2014ರಲ್ಲಿ ಮನ್ನಣೆ ಕೊಟ್ಟಿರಿ, 2016ರ ರಿಯೋದಲ್ಲಿ ಮಜ್ಲಿಂಡಾ ಕೆಲ್ಮೆಂಡಿ ಜೂಡೊ ಚಿನ್ನ ಗೆದ್ದರು, ಸಂತೋಷ. ನಮ್ಮ ಭಾರತ ಇನ್ನೂ ಕೊಸೊವೊವನ್ನು ಮಾನ್ಯ ಮಾಡಿಲ್ಲ. 2018ರಲ್ಲಿ ದೆಹಲಿಯ ಮಹಿಳಾ ವಿಶ್ವ ಬಾಕ್ಸಿಂಗ್‌ಗೆ ಬರಬೇಕಿದ್ದ ಕೊಸೊವೊದ ಬಾಕ್ಸರ್‌ಗೆ ವೀಸಾ ಸಿಗಲಿಲ್ಲ. 140 ಕೋಟಿ ಜನರ ದೇಶ ಒಪ್ಪದಿದ್ದರೂ ಸಮುದಾಯದ ಮನ್ನಣೆ ಪೂರ್ತಿಯಾಗುತ್ತದೆ. ಫರೋದ ಬಗ್ಗೆ ಜಗತ್ತಿನಲ್ಲಿ ಯಾರಿಗೂ ಜಗಳವಿಲ್ಲ, ಅದೇ ಅದರ ದೌರ್ಭಾಗ್ಯ.

ಅಧ್ಯಕ್ಷರೇ, ತಮ್ಮ ಊರಿನ ಕಡೆಗೂ ಒಂದಿಷ್ಟು ಹೋಗಿ ಬರೋಣ. ಹರಾರೆಯಲ್ಲಿ ಹುಟ್ಟಿದವರು ತಾವು. ಜಿಂಬಾಬ್ವೆ ಸ್ವತಂತ್ರವಾದದ್ದು 1980ರಲ್ಲಿ. ಆದರೆ ಅದೇ ನೆಲದಿಂದ 1928ರಲ್ಲೇ ರೊಡೇಷಿಯಾ ಎಂಬ ಹೆಸರಿನಲ್ಲಿ ಕ್ರೀಡಾಪಟುಗಳು ಆಂಸ್ಟರ್‌ಡ್ಯಾಂಗೆ ಬಂದಿದ್ದರು. ಆಗ ಅದು ಸ್ವಯಮಾಡಳಿತವಿದ್ದ ಬ್ರಿಟಿಷ್ ವಸಾಹತು. ಆಡಳಿತ ತನ್ನದು, ಸಾರ್ವಭೌಮತ್ವ ಬೇರೆಯವರದು. ಕಾಗದದ ಮೇಲೆ ಫರೋದ ಈಗಿನ ಸ್ಥಿತಿಗೂ ಅದಕ್ಕೂ ಹೆಚ್ಚಿನ ಅಂತರ ಕಾಣದು. ವ್ಯತ್ಯಾಸವಿರುವುದು ಇಷ್ಟೇ, ರೊಡೇಷಿಯಾದಲ್ಲಿ ಆ ಆಡಳಿತ ಬೆರಳೆಣಿಕೆಯ ಬಿಳಿಯರದಾಗಿತ್ತು, ಫರೋದಲ್ಲಿ ಅದು ಅಲ್ಲಿನ ಎಲ್ಲ ಜನರದು. ನಿಮ್ಮ ಸಮಿತಿಗೆ ಹಿಂದಿನದು ಒಪ್ಪಿಗೆಯಾಗಿತ್ತು. ಸ್ವತಂತ್ರವಾದ ಕೆಲವೇ ತಿಂಗಳಿಗೆ ಜಿಂಬಾಬ್ವೆಯ ಮಹಿಳೆಯರು ಮಾಸ್ಕೋದಲ್ಲಿ ಹಾಕಿ ಚಿನ್ನ ಗೆದ್ದರು. ಅದೇ ಮಾಸ್ಕೋದಲ್ಲಿ ಪುರುಷರ ಚಿನ್ನ ನಮ್ಮದು, ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಹಾಗಾಗಿ ಹಾಕಿಯ ನೆಂಟಸ್ತಿಕೆಯಲ್ಲಿ ಈ ಮಾತು ಹೇಳುವಷ್ಟು ಸಲಿಗೆ ಇದೆ ಎಂದುಕೊಂಡಿದ್ದೇನೆ.

ಹಾಕಿ ಎಂದ ಮೇಲೆ ನಮ್ಮ ಕಡತವನ್ನೂ ತೆರೆಯಬೇಕಾಗುತ್ತದೆ. ನಿಯಮಪ್ರೇಮಿಯಾದವನು ಸ್ವಂತ ಮನೆಯನ್ನು ಬಿಟ್ಟು ಮಾತಾಡಬಾರದು. 1920ರ ಆಂಟ್‌ವರ್ಪ್‌ನಲ್ಲಿ ಮ್ಯಾರಥಾನ್ ಓಡಿದವರಲ್ಲಿ ನಮ್ಮ ಬೆಳಗಾವಿಯ ಪಿ.ಡಿ. ಚೌಗುಲೆ ಒಬ್ಬರು. ಹತ್ತೊಂಬತ್ತನೆಯವರಾಗಿ ಮುಗಿಸಿದರು. ಅವರ ಹೆಸರಿನ ಮುಂದೆ ಭಾರತ ಎಂದಿದೆ. ಆ ವರ್ಷ ಭಾರತ ಎಂಬ ಸ್ವತಂತ್ರ ರಾಷ್ಟ್ರ ಎಲ್ಲಿತ್ತು, ಸ್ವಾಮಿ? ಬೆಳಗಾವಿಯಿದ್ದದ್ದು ಬಾಂಬೆ ಪ್ರಾಂತ್ಯದಲ್ಲಿ, ಪ್ರಾಂತ್ಯವಿದ್ದದ್ದು ಬ್ರಿಟಿಷ್ ಚಕ್ರಾಧಿಪತ್ಯದಲ್ಲಿ. ಯಾರೂ ಚೌಗುಲೆಯವರನ್ನು ಬ್ರಿಟನ್ನಿನ ಬನಿಯನ್ ಹಾಕಿಕೊಂಡು ಬಾ ಎನ್ನಲಿಲ್ಲ. ಆಮೇಲೆ 1928, 1932, 1936, ಸಾಲಾಗಿ ಮೂರು ಹಾಕಿ ಚಿನ್ನ. ಮೂರೂ ಪರಾಧೀನ ಭಾರತದವು. ಬರ್ಲಿನ್ ಫೈನಲ್‌ಗೆ ಮುಂಚೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಧ್ಯಾನ್‌ಚಂದ್ ಮತ್ತು ಸಂಗಡಿಗರು ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವನ್ನು ಬಿಡಿಸಿ, ಅದಕ್ಕೆ ವಂದಿಸಿ ಅಂಗಳಕ್ಕಿಳಿದರು. ಆಗಸ್ಟ್ 15ರಂದು ಜರ್ಮನಿಯನ್ನು 8–1ರಿಂದ ಬಡಿದರು. ಹೊರಗೆ ಹಾರಾಡುವ ಬಾವುಟ ಒಂದು, ಪೆಟ್ಟಿಗೆಯೊಳಗೆ ಮಡಿಸಿಟ್ಟ ಬಾವುಟ ಇನ್ನೊಂದು.

ಫರೋದವರ ಬಾವುಟಕ್ಕೂ ಇಂಥದೊಂದು ಕತೆ ಉಂಟು. 1940ರ ಏಪ್ರಿಲ್‌ನಲ್ಲಿ ಜರ್ಮನಿ ಡೆನ್ಮಾರ್ಕನ್ನು ನುಂಗಿತು, ಬ್ರಿಟನ್ ಫರೋಗೆ ಸೇನೆ ಕಳಿಸಿತು. ಶತ್ರುವಿನ ವಶದಲ್ಲಿದ್ದ ಡೆನ್ಮಾರ್ಕಿನ ಧ್ವಜ ಹಾರಿಸಿಕೊಂಡು ಮೀನುದೋಣಿಗಳು ಓಡಾಡುವಂತಿರಲಿಲ್ಲ. ಏಪ್ರಿಲ್ 25ರಂದು ಬ್ರಿಟನ್ ಅವರದೇ ಬಿಳಿ, ಕೆಂಪು, ನೀಲಿಯ ಬಾವುಟವನ್ನು ಒಪ್ಪಿಕೊಂಡಿತು. ಇವತ್ತಿಗೂ ಆ ದಿನ ಅಲ್ಲಿ ಧ್ವಜದ ದಿನ. ಯುದ್ಧದ ಸಮುದ್ರದಲ್ಲಿ ಬಾಂಬುಗಳ ನಡುವೆ ಗುರುತಾಗಿ ನಡೆದ ಬಾವುಟ ಈಜುಕೊಳದ ಪಕ್ಕದಲ್ಲಿ ನಡೆಯುವುದಿಲ್ಲ ಎಂದರೆ ನಿಮ್ಮ ಮಾನದಂಡ ಬ್ರಿಟಿಷ್ ನೌಕಾಪಡೆಗಿಂತ ಬಿಗಿಯಾದದ್ದು ಎಂದಾಯಿತು. ಅಭಿನಂದನೆಗಳು.

ಆದ್ದರಿಂದ ನನ್ನ ಕೋರಿಕೆ ಸರಳ. ನಿಯಮವನ್ನು ಸಡಿಲಿಸಬೇಡಿ, ಪೂರ್ತಿಯಾಗಿ ಜಾರಿ ಮಾಡಿ. ಸ್ವತಂತ್ರ ರಾಷ್ಟ್ರವಲ್ಲದವರಿಗೆ ಸ್ಥಾನವಿಲ್ಲವೆಂದರೆ ಆ ಒಂಬತ್ತು ಸಮಿತಿಗಳಿಗೆ ಇಂದೇ ನೋಟಿಸ್ ಹೋಗಲಿ. ಫ್ಲೋರಾ ಡಫಿಯವರಿಂದ ಚಿನ್ನ ವಾಪಸ್ ತರಿಸಿ, ಬ್ರಿಟನ್ನಿನ ಲೆಕ್ಕಕ್ಕೆ ಜಮಾ ಮಾಡಿ. 2004ರ ಅಥೆನ್ಸ್‌ನಲ್ಲಿ ಪೋರ್ಟೊ ರಿಕೊ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಮೆರಿಕವನ್ನು 92–73ರಿಂದ ಸೋಲಿಸಿತಲ್ಲ, ಅಮೆರಿಕದ ಪೌರರೇ ಅಮೆರಿಕವನ್ನು ಸೋಲಿಸಿದ ಆ ಪಂದ್ಯವನ್ನು ಆಂತರಿಕ ಅಭ್ಯಾಸ ಪಂದ್ಯವೆಂದು ಘೋಷಿಸಿ. ನಮ್ಮ ಮೂರು ಹಾಕಿ ಚಿನ್ನಗಳನ್ನೂ ತೆಗೆದುಕೊಳ್ಳಿ. 1928ರಲ್ಲಿ ಲಂಡನ್ನಿನಿಂದ ಬಂದ ತಂಡವೇ ಇರಲಿಲ್ಲವಾದರೂ ಪರವಾಗಿಲ್ಲ, ಪದಕವನ್ನು ಅಲ್ಲಿಗೇ ಕಳಿಸಿ. ಚೌಗುಲೆಯವರ ಹತ್ತೊಂಬತ್ತನೇ ಸ್ಥಾನವನ್ನೂ ಅದೇ ಕಟ್ಟಿನಲ್ಲಿ ಕಟ್ಟಿಬಿಡಿ. ನಮಗೆ ಅಭ್ಯಂತರವಿಲ್ಲ ಎಂದು ಹೇಳುವ ಅಧಿಕಾರ ನನಗಿಲ್ಲ, ಆದರೆ ನಿಯಮದ ಮುಂದೆ ನನ್ನ ಅಭ್ಯಂತರಕ್ಕೇನು ಬೆಲೆ?

ಇಷ್ಟೆಲ್ಲ ರಗಳೆ ಬೇಡವೆಂದರೆ ಇನ್ನೊಂದು ದಾರಿಯಿದೆ, ಅದು ನಿಮ್ಮ ಸನ್ನದಿನಲ್ಲೇ ಇದೆ. 6ನೇ ನಿಯಮ ತೆಗೆದು ನೋಡಿ. ಒಲಿಂಪಿಕ್ಸ್ ಸ್ಪರ್ಧೆ ಕ್ರೀಡಾಪಟುಗಳ ನಡುವಿನದು, ದೇಶಗಳ ನಡುವಿನದಲ್ಲ ಎಂದು ನೀವೇ ಬರೆದಿದ್ದೀರಿ. ಅದನ್ನು ಬರೆದ ಕೈಯೇ 30ನೇ ನಿಯಮವನ್ನೂ ಬರೆಯಿತೋ, ನಡುವೆ ಊಟದ ವಿರಾಮವಿತ್ತೋ ತಿಳಿಯದು. ದೇಶವಿಲ್ಲದೆ ಬರುವುದನ್ನು ನೀವು ಒಪ್ಪಿಕೊಂಡೂ ಇದ್ದೀರಿ. 2016ರಿಂದ ನಿರಾಶ್ರಿತರ ತಂಡ ಬರುತ್ತಿದೆ, ಒಳ್ಳೆಯ ಕೆಲಸ. 2014ರ ಸೋಚಿಯಲ್ಲಿ ನಮ್ಮ ಶಿವ ಕೇಶವನ್ ಉದ್ಘಾಟನಾ ಮೆರವಣಿಗೆಯಲ್ಲಿ ನಡೆದದ್ದು ನಿಮ್ಮ ಐದು ಬಳೆಗಳ ಬಾವುಟದಡಿ, ಏಕೆಂದರೆ ನಮ್ಮ ಒಲಿಂಪಿಕ್ ಸಂಸ್ಥೆಯನ್ನು ನೀವು ಅಮಾನತಿನಲ್ಲಿಟ್ಟಿದ್ದಿರಿ. ಸ್ವತಂತ್ರ, ಸಾರ್ವಭೌಮ, ವಿಶ್ವವೇ ಮಾನ್ಯ ಮಾಡಿದ ಭಾರತದ ಹುಡುಗ ಆ ರಾತ್ರಿ ಫರೋದವನಂತೆ ನಡೆದ. ನಮಗೆ ಆ ಅನುಭವ ಸಾಕಷ್ಟು ಕಹಿಯಾಗಿತ್ತು. ಅವರಿಗೆ ಅದು ಪ್ರತಿ ನಾಲ್ಕು ವರ್ಷಕ್ಕೊಮ್ಮೆ.

ತಂಡ ಮತ್ತು ನಕ್ಷೆ ಎರಡನ್ನೂ ಒಂದೇ ಕತ್ತರಿಯಲ್ಲಿ ಕತ್ತರಿಸಬೇಕೆಂದು ಹಟ ಹಿಡಿಯದಿದ್ದರೂ ಲೋಕ ನಡೆಯುತ್ತದೆ ಎಂಬುದಕ್ಕೆ ನಮ್ಮ ರಣಜಿಯನ್ನಾದರೂ ನೋಡಿ. ಗುಜರಾತ್ ರಾಜ್ಯಕ್ಕೆ ಅಲ್ಲಿ ಮೂರು ತಂಡ, ಮಹಾರಾಷ್ಟ್ರಕ್ಕೂ ಮೂರು. ವಿದರ್ಭ ಇನ್ನೂ ರಾಜ್ಯವಾಗಿಲ್ಲ, ರಣಜಿ ಚಾಂಪಿಯನ್ ಆಗಿದೆ. ರೈಲ್ವೇಸ್ ಎಂಬ ರಾಜ್ಯ ಯಾವ ಭೂಗೋಳದ ಪುಸ್ತಕದಲ್ಲೂ ಇಲ್ಲ, ಅದೂ ಎರಡು ಸಲ ಗೆದ್ದಿದೆ. ಯಾವ ಮುಖ್ಯಮಂತ್ರಿಯೂ ಇದಕ್ಕಾಗಿ ರಾಜೀನಾಮೆ ಕೊಟ್ಟಿಲ್ಲ.

ನಮ್ಮ ದೇಶ 2036ರ ಒಲಿಂಪಿಕ್ಸ್ ನಮಗೆ ಕೊಡಿ ಎಂದು ನಿಮ್ಮನ್ನು ಕೇಳುತ್ತಿದೆ. ಇಂಥ ಹೊತ್ತಿನಲ್ಲಿ ನಾನು ಹೀಗೆಲ್ಲ ಬರೆದದ್ದು ಸರಿಯಲ್ಲ ಎಂದು ದೊಡ್ಡವರು ಗದರಬಹುದು. ಕೊಟ್ಟರೆ ಬಹಳ ಸಂತೋಷ. ಆ ಕೂಟಕ್ಕೆ ಫರೋದ ಒಬ್ಬ ಈಜುಗಾರ, ಇಬ್ಬರು ಹುಟ್ಟುಗಾರರು ಬಂದರೆ ಹೆಚ್ಚುವರಿಯಾಗಿ ಎರಡು ಕೋಣೆ ಬೇಕಾದೀತು. ಅಷ್ಟು ಜಾಗ ಮಾಡಿಕೊಡುವುದು ನಮಗೆ ಕಷ್ಟವಲ್ಲ.

ತಮ್ಮ ನಿಯಮಗಳ ವಿಧೇಯ,
ಕ್ರೀಡಾಪುಟದ ಒಬ್ಬ ಓದುಗ
ಬೆಂಗಳೂರು

ಪ್ರತಿಗಳು, ಮಾಹಿತಿಗಾಗಿ ಹಾಗೂ ಮುಂದಿನ ಕ್ರಮಕ್ಕಾಗಿ:

ಡೆನ್ಮಾರ್ಕಿನ ಒಲಿಂಪಿಕ್ ಸಮಿತಿಗೆ. ಫರೋದ ಹುಟ್ಟುಗಾರ ಮುಂದಿನ ಸಲ ಪದಕ ಗೆದ್ದರೆ ಎರಡು ಬಾವುಟ ಇಟ್ಟುಕೊಂಡಿರುವುದು.

ವೆಸ್ಟ್ ಇಂಡೀಸ್ ಕ್ರಿಕೆಟ್ ಮಂಡಳಿಗೆ. 2028ರ ಲಾಸ್ ಏಂಜಲೀಸ್‌ನಲ್ಲಿ ಕ್ರಿಕೆಟ್ ಇದೆ, ಆರೇ ತಂಡ, ವೆಸ್ಟ್ ಇಂಡೀಸ್ ಎಂಬ ಒಲಿಂಪಿಕ್ ಸಮಿತಿ ಮಾತ್ರ ಇಲ್ಲ. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕೂಟದಲ್ಲಿ ನಿಮ್ಮ ಹೆಣ್ಣುಮಕ್ಕಳು ಬಾರ್ಬಡೋಸ್ ಎಂಬ ಹೆಸರಿನಲ್ಲಿ ಬಂದು ನಮ್ಮೆದುರು ನೂರು ರನ್ನುಗಳಿಂದ ಸೋತದ್ದು ನೆನಪಿರಬಹುದು. ಈ ಸಲ ಯಾವ ದ್ವೀಪದವರಾಗಿ ಬರುತ್ತೀರೆಂದು ಮನೆಯಲ್ಲೇ ಕೂತು ಇತ್ಯರ್ಥ ಮಾಡಿಕೊಂಡು ಹೊರಡುವುದು.